ಆಚಾರ್ರ ಜುಟ್ಟಿನ ಎಣ್ಣೆ

ನಮ್ಮ ಮನೆಯವರ ಜುಟ್ಟು ಉದುರುತ್ತಿದೆ ಎಂದು ಮೊದಲು ಗೊತ್ತಾದದ್ದು ನನಗೆ, ಅದೂ ಬಚ್ಚಲಿನ ಜಾಲರಿಯಿಂದ. ಮನೆಯ ಮೂವರ ಕೂದಲೂ ಅಲ್ಲಿಗೇ ಬಂದು ಸೇರುತ್ತದೆ, ದಿನಾ ಅದನ್ನು ಬಾಚಿ ತೆಗೆಯುವ ಭಾಗ್ಯ ನನ್ನದು. ನನ್ನದು ಅರ್ಧ ನೆರೆತದ್ದು, ಮಗಳು ಚಿನ್ಮಯಿಯದು ಕಪ್ಪು, ಇವರದು ಸಣ್ಣ ಎಳೆ, ತುದಿಯಲ್ಲಿ ಕೆಂಚು. ಹೋದ ದೀಪಾವಳಿಯ ಹೊತ್ತಿಗೆ ಜಾಲರಿಯಲ್ಲಿ ಕೆಂಚು ಎಳೆಗಳೇ ಹೆಚ್ಚಾದವು. ನಾನು ಬಾಯಿ ಬಿಡಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಏಳುವವಳಿಗೆ ಇನ್ನೊಂದು ಚಿಂತೆಯನ್ನು ಕರೆದು ಮಣೆ ಹಾಕಲು ಪುರಸೊತ್ತಿರಲಿಲ್ಲ.

ಇವರ ಹೆಸರು ಸುಜಯೀಂದ್ರಾಚಾರ್. ಪುರೋಹಿತರು. ಮದರಾಸಿನಲ್ಲಿ ಚೆಲ್ಲಾಪಿಲ್ಲಿಯಾಗಿ ಹರಡಿಕೊಂಡಿರುವ ಕನ್ನಡದವರ ಮನೆಗಳಿಗೆ ಹೋಗಿ ತೀರಿಕೊಂಡವರ ವರ್ಷದ ತಿಥಿ ಮಾಡಿಸುವುದು ಇವರ ಮುಖ್ಯ ಕೆಲಸ. ತಿರುವಲ್ಲಿಕ್ಕೇಣಿಯ ನಮ್ಮ ಮನೆಯಿಂದ ಸ್ಕೂಟರ್ ಹತ್ತಿದರೆ ಒಂದು ದಿನ ಅಡ್ಯಾರ್, ಒಂದು ದಿನ ಅಣ್ಣಾನಗರ, ಮತ್ತೊಂದು ದಿನ ತಾಂಬರಂ. ಕಚ್ಚೆ ಪಂಚೆ ಉಟ್ಟು, ಗೋಪೀಚಂದನ ಇಟ್ಟು, ಜುಟ್ಟಿನ ಮೇಲೆ ಹೆಲ್ಮೆಟ್ ಒತ್ತಿಕೊಂಡು ಹೋಗುತ್ತಾರೆ. ಮಡಿ ಎಂದರೆ ಇವರಿಗೆ ಮಡಿಯೇ. ಮೂರೂವರೆಗೆ ತಣ್ಣೀರು, ಆಮೇಲೆ ಕೆಲಸ ಮುಗಿಯುವವರೆಗೆ ಹೊರಗಿನ ಒಂದು ತೊಟ್ಟು ನೀರೂ ಗಂಟಲಿಗೆ ಇಳಿಯದು. ಮೇ ತಿಂಗಳಲ್ಲಿ ಕೂಡ.

ಇನ್ನು ಜುಟ್ಟು ಉದುರದೆ ಏನು ಮಾಡುತ್ತದೆ? ನಮ್ಮ ಬೋರ್ ನೀರು ಬಾಯಿಗೆ ಹಾಕಿದರೆ ಉಪ್ಪು, ಬಕೆಟ್ಟಿಗೆ ಹಿಡಿದರೆ ಬಿಳಿ ಗೆರೆ. ಅದರ ಮೇಲೆ ಹೆಲ್ಮೆಟ್ಟು, ಅದರೊಳಗೆ ಬೆವರು. ನನ್ನದೂ ಉದುರುತ್ತಿತ್ತು. ಆದರೆ ಹೆಂಗಸಿಗೆ ಒಂದು ಮೊಳ ಮಲ್ಲಿಗೆ ಮುಡಿದು ಮುಚ್ಚಿಕೊಳ್ಳುವ ಉಪಾಯವಿದೆ. ಪುರೋಹಿತನಿಗಿಲ್ಲ. ಕರ್ಮ ಶುರುವಾಗುವ ಮೊದಲು ಅವನು ಎಲ್ಲರೆದುರೇ ಜುಟ್ಟು ಗಂಟು ಹಾಕಿಕೊಳ್ಳಬೇಕು.

ಹೋದ ಜನವರಿಯ ಮೊದಲ ವಾರ ಆ ಗಂಟು ಕೈಕೊಟ್ಟಿತು. ಅಡ್ಯಾರಿನ ಭೋಜರಾಜ ಅವರ ಮನೆಯಲ್ಲಿ ಅವರ ತಾಯಿಯ ತಿಥಿ. ಭೋಜರಾಜ ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು, ಮಾತಿನ ಮಲ್ಲರು. ಇವರು ಗಂಟು ಹಾಕಿದರಂತೆ, ಜಾರಿತಂತೆ. ಮತ್ತೆ ಹಾಕಿದರಂತೆ, ಮತ್ತೆ ಜಾರಿತಂತೆ. ಮೂರನೆಯ ಸಲಕ್ಕೆ ಭೋಜರಾಜ, "ಆಚಾರ್ರೇ, ಆಂಟೆನಾ ವೀಕ್ ಆಗಿದೆಯಲ್ಲ. ನಮ್ಮಮ್ಮನಿಗೆ ಸಿಗ್ನಲ್ ಹೋಗುತ್ತೋ ಇಲ್ವೋ?" ಎಂದರಂತೆ. ಮನೆಯವರೆಲ್ಲ ನಕ್ಕರಂತೆ. ಇವರೂ ನಕ್ಕರಂತೆ.

ಮನೆಗೆ ಬಂದು ಹೆಲ್ಮೆಟ್ ತೆಗೆದು, ನನಗೆ ಬೆನ್ನು ಮಾಡಿ ಕೂತರು.

"ಹರಿ, ಹಿಂದೆ ನೋಡು. ಎಷ್ಟಿದೆ?"

"ಇದೆ, ಇದೆ," ಎಂದೆ.

"ಎಷ್ಟು?"

"ಇಲಿ ಬಾಲದಷ್ಟು."

ನಗಲಿಲ್ಲ. ನನ್ನ ನಾಲಗೆಗೆ ಯಾವತ್ತೂ ಬ್ರೇಕಿಲ್ಲ. "ಇದೂ ಹೋದರೆ ನನ್ನ ಯಾರು ಕರೀತಾರೆ?" ಎಂದರು. ಆ ದನಿ ಕೇಳಿ ನನಗೆ ಕೆಟ್ಟದೆನಿಸಿತು. ಐವತ್ತಾರು ವರ್ಷದ ಮನುಷ್ಯ, ಬೇರೆ ವಿದ್ಯೆ ಬಾರದು. ಬೇರೆ ಗಂಡಸರು ತಲೆ ಬೋಳಾದರೆ ಟೋಪಿ ಹಾಕುತ್ತಾರೆ, ಇವರು ಏನು ಹಾಕಿಕೊಂಡಾರು?

ಮಾರನೆಯ ದಿನ ಆಫೀಸಿನಲ್ಲಿ ಜಲಜಾಗೆ ಹೇಳಿದೆ. ನಾನು ಅಡ್ಯಾರಿನ ಒಂದು ಶಾಲೆಯ ಆಫೀಸಿನಲ್ಲಿ ಅಡ್ಮಿಷನ್ ಫಾರಂ ನೋಡುವವಳು, ಜಲಜಾ ನನ್ನ ಪಕ್ಕದ ಮೇಜಿನವಳು. ಮೊದಲು ಈರುಳ್ಳಿ ರಸ ಹಚ್ಚಿ ಎಂದಳು. ನಮ್ಮ ಹೊಸ್ತಿಲನ್ನು ಈರುಳ್ಳಿ ಇದುವರೆಗೆ ದಾಟಿಲ್ಲ, ಜುಟ್ಟಿನ ನೆಪದಲ್ಲಿ ದಾಟುವುದು ಬೇಡ ಎಂದೆ. "ಹಾಗಾದರೆ ವಿಟಮಿನ್-ಇ ಕ್ಯಾಪ್ಸೂಲ್ ತಗೊಳ್ಳಿ. ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ. ಪಿನ್ನು ಚುಚ್ಚಿ, ಒಳಗಿನ ಎಣ್ಣೆ ಹಿಂಡಿ, ಕೊಬ್ಬರಿ ಎಣ್ಣೆಗೆ ಸೇರಿಸಿ ಹಚ್ಚಿ. ನನ್ನ ತಂಗಿಗೆ ಒಳ್ಳೇದಾಯ್ತು," ಎಂದಳು. ಸಂಜೆ ಬಸ್ಸಿಳಿದು ಒಂದು ಪಟ್ಟಿ ತಂದೆ. ಹಸಿರು ಬಣ್ಣದ, ಮೆತ್ತನೆಯ, ಹೊಳೆಯುವ ಹತ್ತು ಗುಳಿಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರೆ, ನಮ್ಮಲ್ಲಿ ಜುಟ್ಟಿಗೆ ವಿಟಮಿನ್ನು.

ಗಂಡಸರಿಗೆ ಎಣ್ಣೆ ಬುಧವಾರ, ಶನಿವಾರ. ಏಕಾದಶಿ, ಅಮಾವಾಸ್ಯೆ, ಸಂಕ್ರಮಣ ಬಂದರೆ ಇಲ್ಲ. ಹೀಗೆ ಕಳೆದು ಉಳಿದ ದಿನ ನಾನೂ ಮೂರಕ್ಕೇ ಎದ್ದು, ಇವರ ಸ್ನಾನಕ್ಕೆ ಮುಂಚೆ, ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಸ್ಟೂಲು ಹಾಕಿ ಕೂರಿಸಿ ಹಚ್ಚುತ್ತಿದ್ದೆ. ಇಪ್ಪತ್ತು ನಿಮಿಷ. ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ ಇವರ ಜುಟ್ಟು ನನ್ನ ಕೈಗೆ ಸಿಕ್ಕಿದ್ದು ಆಗಲೇ. ಇವರು ಕಣ್ಣು ಮುಚ್ಚಿ ಸ್ತೋತ್ರ ಹೇಳಿಕೊಳ್ಳುತ್ತಿದ್ದರು, ನಾನು ನಿಂತಲ್ಲೇ ತೂಕಡಿಸುತ್ತಿದ್ದೆ. ಒಂದೆರಡು ಸಲ ಹಣೆ ಹೋಗಿ ಇವರ ನೆತ್ತಿಗೆ ತಾಗಿದ್ದೂ ಉಂಟು. "ಹರಿ, ಒಂದಿನ ರಜಾ ಹಾಕಿ ಮಲಕ್ಕೋಬಾರ್ದೇನೇ?" ಎನ್ನುವರು. ರಜಾ ಹಾಕಿದರೆ ಮನೆಯಲ್ಲಿ ಮಲಗಲು ಯಾರು ಬಿಡುತ್ತಾರೆ ಎನ್ನುವುದು ಅವರಿಗೂ ಗೊತ್ತು.

ಪಿನ್ನು ಚುಚ್ಚಿ ಹಿಂಡುವ ಕೆಲಸ ಎರಡು ವಾರ ನಡೆಯಿತು. ಹೇಳಿದಷ್ಟು ಸುಲಭವಲ್ಲ ಅದು. ಗುಳಿಗೆ ಜಾರುತ್ತದೆ, ಚುಚ್ಚಿದರೆ ಎಣ್ಣೆ ಮುಖಕ್ಕೆ ಚಿಮ್ಮುತ್ತದೆ, ಬೆರಳೆಲ್ಲ ಅಂಟು, ಆ ಅಂಟು ಕೈಯನ್ನು ತೊಳೆಯದೆ ಮಡಿಯ ಪಾತ್ರೆ ಮುಟ್ಟುವ ಹಾಗಿಲ್ಲ. ಮೂರನೆಯ ವಾರ ನನಗೆ ಸಾಕಾಯಿತು. ಬಾಟಲಿಯ ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ, ಹೊಸ ಪಟ್ಟಿಯ ಹತ್ತು ಗುಳಿಗೆಯನ್ನೂ ಇಡಿಯಾಗಿ ಒಳಗೆ ಹಾಕಿ ಮುಚ್ಚಳ ತಿರುಗಿಸಿದೆ. ಕರಗಲಿ, ಅದರ ಹಣೆಬರಹ ಎಂದೆ. ಆಮೇಲೆ ಪ್ರತಿ ತಿಂಗಳೂ ಅದೇ ಕ್ರಮವಾಯಿತು.

ಎಣ್ಣೆಯಿಂದಲೋ, ಕೈಯಾಡಿಸಿದ್ದರಿಂದಲೋ, ನಡುವೆ ಎರಡು ತಿಂಗಳು ಲಾರಿ ನೀರು ಬಂದದ್ದರಿಂದಲೋ ನಾನು ಹೇಳಲಾರೆ. ಜಾಲರಿಯಲ್ಲಿ ಕೆಂಚು ಎಳೆ ಕಡಿಮೆಯಾಯಿತು. ಯುಗಾದಿ ಹೊತ್ತಿಗೆ ಗಂಟು ನಿಂತಿತು. ಇವರು ಕನ್ನಡಿ ಮುಂದೆ ತಲೆ ತಿರುಗಿಸಿ ತಿರುಗಿಸಿ ನೋಡಿಕೊಂಡು, "ಎಲ್ಲ ರಾಯರ ಅನುಗ್ರಹ," ಎಂದರು.

"ಹೌದು, ಅನುಗ್ರಹ ಒಂದು ಪಟ್ಟಿಗೆ ಹತ್ತು ಬರುತ್ತೆ," ಎಂದೆ.

ಆಗ ನಕ್ಕರು. ಬಹಳ ದಿನದ ಮೇಲೆ ನಕ್ಕರು. ನನಗೂ ಖುಷಿಯಾಗಿತ್ತು, ಯಾಕೆ ಸುಳ್ಳು ಹೇಳಲಿ.

ಮೇ ತಿಂಗಳ ಮೊದಲ ವಾರ, ಇಲ್ಲಿಯವರು ಕತ್ತರಿ ಎನ್ನುವ ಸುಡುಬಿಸಿಲು ಶುರುವಾದ ದಿನ, ಚಿನ್ಮಯಿ ತಲೆನೋವೆಂದು ಎಣ್ಣೆ ಬಾಟಲಿ ಎತ್ತಿಕೊಂಡಳು. ಅವಳು ಫಾರ್ಮಸಿ ಓದುತ್ತಿದ್ದಾಳೆ, ಎರಡನೆಯ ವರ್ಷ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಜಾತಿ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ತಳದಲ್ಲಿ ನಾಲ್ಕು ತಿಂಗಳ ಗುಳಿಗೆಗಳು ಊದಿಕೊಂಡು, ಸುಕ್ಕಾಗಿ, ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

"ಅಮ್ಮಾ, ಇದು ಎನ್ನ?"

"ನಿಮ್ಮಪ್ಪನ ಎಣ್ಣೆ. ವಿಟಮಿನ್."

"ಶೆಲ್ಲೋಡವೇ ಪೋಟ್ಟಿಯಾ? ಸಿಪ್ಪೆ ಸಮೇತ ಹಾಕಿದೀಯಾ? ಇದು ಜೆಲಾಟಿನ್ ಮಾ."

"ಅಂದ್ರೆ?"

ಅವಳು ಬಾಟಲಿ ಕೆಳಗಿಟ್ಟಳು. ಮೊದಲ ಸಲ ತಮಿಳು ಬಿಟ್ಟು ಅಚ್ಚ ಕನ್ನಡದಲ್ಲಿ, ಮೆಲ್ಲಗೆ ಹೇಳಿದಳು: "ಮೂಳೆ, ಚರ್ಮ ಬೇಯಿಸಿ ತೆಗೆಯೋದು. ಹಸುದು, ಎಮ್ಮೆದು. ಇಂಥ ಮೆತ್ತನೆ ಕ್ಯಾಪ್ಸೂಲಿಗೆ ಹೆಚ್ಚಾಗಿ ಅದೇ ಇರುತ್ತೆ. ಪಟ್ಟಿ ಎಲ್ಲಿದೆ, ಕೊಡು."

ಪಟ್ಟಿಯ ಹಿಂದೆ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಕನ್ನಡಕ ಹಾಕಿಕೊಂಡರೂ ನನಗೆ ಕಾಣಿಸಲಿಲ್ಲ. ಅವಳೇ ಓದಿ ತೋರಿಸಿದಳು.

ಆ ಎಣ್ಣೆ ತಲೆಗೆ ಹಚ್ಚಿಕೊಂಡ ಮನುಷ್ಯ ಸಾಲಿಗ್ರಾಮ ಮುಟ್ಟಿದ್ದಾನೆ, ಊರವರ ತಂದೆತಾಯಿಗಳಿಗೆ ಪಿಂಡ ಇಡಿಸಿದ್ದಾನೆ. ಹಸುವಿನ ಮೂಳೆ! ಹಚ್ಚಿದ್ದು ಯಾರು? ನಾನು. ಯಾಕೆ? ಪಿನ್ನು ಚುಚ್ಚಲು ಬೇಸರವಾಗಿ.

"ಅಪ್ಪಾಕ್ಕು ಸೊಲ್ಲಾದೆ," ಎಂದಳು ಚಿನ್ಮಯಿ, ಅಪ್ಪನಿಗೆ ಹೇಳಬೇಡ ಎಂದು. "ದಿನಾ ತಲೆಗೆ ಸ್ನಾನ ಮಾಡ್ತಾರಲ್ಲ, ಎಲ್ಲ ಹೋಗಿರುತ್ತೆ."

ನನಗೂ ಹೇಳುವ ಮನಸ್ಸಿರಲಿಲ್ಲ. ಇವರ ಸ್ವಭಾವ ನನಗೆ ಗೊತ್ತು. ತಿಳಿದರೆ ಪ್ರಾಯಶ್ಚಿತ್ತ ಮಾಡಿಕೊಂಡು ಸುಮ್ಮನಿರುವವರಲ್ಲ, ಮನೆಮನೆಗೂ ಹೋಗಿ ಹೇಳುತ್ತಾರೆ. ಹೇಳಿದ ಮೇಲೆ ಯಾರು ಕರೆಯುತ್ತಾರೆ? ಅದು ಬಿಸಿತುಪ್ಪವಾಯಿತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಬಾಟಲಿಯನ್ನು ಬೀರುವಿನ ಹಿಂದೆ ಅಡಗಿಸಿದೆ. ಬುಧವಾರ ಬಂತು, ಸೊಂಟ ನೋವೆಂದೆ. ಶನಿವಾರ ಬಂತು, ಎಣ್ಣೆ ಮುಗಿದಿದೆ ಎಂದೆ. ಮುಂದಿನ ಬುಧವಾರ ಇವರೇ ಸ್ಟೂಲು ಹಾಕಿಕೊಂಡು ಕೂತು ಕಾದರು. ಸ್ಟೂಲಿನ ಮೇಲೆ ಆ ಬೆನ್ನು ನೋಡಿ ನನಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟೆಲ್ಲ ಮಾಡಿ ಕೊನೆಗೆ ನಾನೇ ಕಳ್ಳಿಯಾದೆನಲ್ಲ ಎಂದು.

"ಎಣ್ಣೆ ತಂದಿಲ್ವಾ?" ಎಂದರು. "ತರುವಾಗ ಎರಡು ಬಾಟ್ಲಿಗೆ ಆಗೋ ಹಾಗೆ ತಾ. ಸುಶಮೀಂದ್ರನಿಗೂ ಉದುರ್ತಾ ಇದೆಯಂತೆ. ನಮ್ಮ ಮನೇಲಿ ಮಾಡಿಕೊಡ್ತಾರೆ ಅಂತ ಹೇಳಿಬಿಟ್ಟಿದ್ದೀನಿ."

ಸುಶಮೀಂದ್ರ ಇವರ ಜೊತೆಯ ಪುರೋಹಿತ, ಚಿಕ್ಕವನು, ಬೆಳಿಗ್ಗೆ ಸಂಜೆ ಮಠದಲ್ಲಿ ಪೂಜೆಗೆ ನಿಲ್ಲುವವನು. ಅಲ್ಲಿಗೆ ನನ್ನ ಬಾಯಿ ತೆರೆಯಿತು. ನಿಂತುಕೊಂಡೇ, ಇವರ ಬೆನ್ನಿಗೇ ಎಲ್ಲ ಹೇಳಿದೆ. ಜೆಲಾಟಿನ್, ಮೂಳೆ, ಬಾಟಲಿಯ ತಳ, ನನ್ನ ಸೋಮಾರಿತನ. ಏನನ್ನೂ ಬಿಡಲಿಲ್ಲ.

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನನ್ನ ಹತ್ತಿರವೂ ನಾಲ್ಕು ಮಾತಿದ್ದವು. ಇವರು ಎದ್ದರು, ಬೀರುವಿನ ಹಿಂದಿನ ಬಾಟಲಿಯನ್ನು ತಾವೇ ತೆಗೆದುಕೊಂಡು ಹೋಗಿ ಕೆಳಗಿನ ಕಸದ ಡಬ್ಬಿಗೆ ಹಾಕಿ ಬಂದರು, ಬಚ್ಚಲಿಗೆ ಹೋದರು. ನೀರು ಸುರಿಯುವ ಸದ್ದು ಮುಕ್ಕಾಲು ಗಂಟೆ ಕೇಳಿಸಿತು. ಓವರ್‌ಹೆಡ್ ಟ್ಯಾಂಕು ಖಾಲಿಯಾಗಿ ಮೇಲಿನ ಮನೆಯವರು ಬಂದು ಕೂಗಾಡಿದರು. ಆ ದಿನ, ಮಾರನೆಯ ದಿನ, ಉಪವಾಸ. ಮೂರನೆಯ ದಿನ ಪಂಚಗವ್ಯ ಕುಡಿದು, ಹೊಸ ಜನಿವಾರ ಹಾಕಿಕೊಂಡು, ಡೈರಿ ತೆಗೆದು ಕೂತರು. ನಾಲ್ಕು ತಿಂಗಳಲ್ಲಿ ಇವರು ಹೋದ ಮನೆಗಳು ಇಪ್ಪತ್ತಮೂರು.

"ಎಲ್ಲ ಕಡೆ ಹೋಗಿ ಹೇಳ್ತೀನಿ."

"ಏನೂಂದ್ರೆ, ಬೇಡ. ಹೇಳಿದರೆ ಇನ್ನು ಯಾರೂ ಕರೆಯೋದಿಲ್ಲ. ಆಮೇಲೆ ಏನು ಮಾಡ್ತೀರಿ?"

"ಅವರ ಅಪ್ಪ ಅಮ್ಮಂದಿರ ಕಾರ್ಯ, ಹರಿ, ಅದು. ನನ್ನ ನಂಬಿ ಕೂತಿದ್ದರು."

ವಾದ ಮಾಡುವ ಶಕ್ತಿ ನನಗಿರಲಿಲ್ಲ. ಒಬ್ಬರನ್ನೇ ಕಳಿಸುವ ಧೈರ್ಯವೂ ಇರಲಿಲ್ಲ. ತಪ್ಪು ನನ್ನದು, ಬೈಗುಳ ಅವರು ಒಬ್ಬರೇ ತಿನ್ನುವುದು ಹೇಗೆ? ಭಾನುವಾರ ಬೆಳಿಗ್ಗೆ ಸ್ಕೂಟರಿನ ಹಿಂದೆ ನಾನೂ ಹತ್ತಿದೆ. ಅಡ್ಯಾರ್ ತಲುಪುವ ಹೊತ್ತಿಗೆ ಸೀಟು ಕಾವಲಿಯ ಹಾಗೆ ಕಾದಿತ್ತು.

ಮೊದಲು ಭೋಜರಾಜ ಅವರ ಮನೆ, ಏಪ್ರಿಲಿನಲ್ಲಿ ಅಲ್ಲಿ ಅವರ ತಂದೆಯ ತಿಥಿಯೂ ಆಗಿತ್ತು. ಅವರು ಟಿವಿ ಸದ್ದು ತಗ್ಗಿಸಿ, "ಏನು ಆಚಾರ್ರೇ, ದಂಪತಿ ಸಮೇತ? ಮಗಳ ಮದುವೆಯಾ?" ಎಂದರು. ಇವರು ಕೂರಲಿಲ್ಲ. ನಿಂತು, ಕೈಮುಗಿದು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬೇಕಾದರೆ ತಂದೆಯವರ ಕಾರ್ಯ ಮತ್ತೆ ಮಾಡಿಸಿಕೊಡುತ್ತೇನೆ, ಬೇರೆಯವರಿಂದ ಮಾಡಿಸುವುದಾದರೆ ಅದಕ್ಕೂ ಏರ್ಪಾಟು ಮಾಡುತ್ತೇನೆ ಎಂದರು. ಭೋಜರಾಜ ಒಂದು ಗಳಿಗೆ ಇವರ ಮುಖ ನೋಡಿ, ಹೊಟ್ಟೆ ಕುಣಿಸಿಕೊಂಡು ನಕ್ಕರು.

"ಇದಕ್ಕೆ ಇಷ್ಟು ದೂರ ಬಂದಿರಾ? ಔಷಧಕ್ಕೆಲ್ಲ ಮಡಿ ಏನ್ರೀ! ನಮ್ಮಪ್ಪ ಬದುಕಿದ್ದಾಗ ಏನೇನು ತಿಂದರೋ ನನಗೆ ಗೊತ್ತು. ಬಿಡಿ, ಬಿಡಿ. ಕಲಾವತಿ, ಇವರಿಗೆ ಜ್ಯೂಸ್ ಕೊಡೇ."

ಅವರ ಹೆಂಡತಿ ಕಲಾವತಿ ಜ್ಯೂಸ್ ತಂದರು. ಇವರು ಮುಟ್ಟಲಿಲ್ಲ. ನಾನು ಕುಡಿದೆ. ಮೆಟ್ಟಲಿಳಿಯುವಾಗ ನನ್ನ ಎದೆ ಮೇಲಿನ ಕಲ್ಲು ಇಳಿದಿತ್ತು. "ನೋಡಿದಿರಾ? ಸುಮ್ಮನೆ ಹೆದರಿದ್ವಿ," ಎಂದೆ. ಇವರು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡರು.

ಎರಡನೆಯದು ಶ್ರೀಕಾಂತನ ಮನೆ. ಹನ್ನೊಂದನೆಯ ಮಹಡಿ, ಏಸಿಯ ತಂಪು. ಫೆಬ್ರವರಿಯಲ್ಲಿ ಅವನ ತಾಯಿಯ ಮೊದಲ ವರ್ಷದ ಕಾರ್ಯ ಆಗಿತ್ತು. ಆ ದಿನ ಪಿಂಡದ ಮುಂದೆ ಅವನು ಮಗುವಿನ ಹಾಗೆ ಅತ್ತನೆಂದು ಇವರು ಮನೆಗೆ ಬಂದು ಹೇಳಿದ್ದರು. ಈ ಹುಡುಗನಿಗೆ ಹೇಗೆ ಹೇಳಲಿ ಎಂದು ಲಿಫ್ಟಿನಲ್ಲಿ ಬೆವರೊರೆಸಿಕೊಳ್ಳುತ್ತಿದ್ದರು. ಶ್ರೀಕಾಂತ್ ಲ್ಯಾಪ್‌ಟಾಪ್ ಅರ್ಧ ಮುಚ್ಚಿ ಕೇಳಿಸಿಕೊಂಡ.

"ಓಕೆ, ಓಕೆ. ಪರವಾಯಿಲ್ಲೆ ಮಾಮಾ. ನೀವು ತಿಳಿದು ಮಾಡಿದ್ದಲ್ಲವಲ್ಲ."

"ಮತ್ತೆ ಮಾಡಿಸೋಣವಾ ಅಂತ..."

"ಅಯ್ಯೋ, ಲೀವ್ ಇಲ್ಲ ಮಾಮಾ. ಮುಂದಿನ ವರ್ಷ ಹೇಗೂ ಬರುತ್ತಲ್ಲ."

ಅವನ ಹೆಂಡತಿ ನೇಹಾ ಮಾತ್ರ ಮನಸ್ಸಿಟ್ಟು ಕೇಳಿದಳು. ಹತ್ತಿರ ಬಂದು ಕೂತು, "ಆಂಟಿ, ನಿಜವಾಗ್ಲೂ ಕೂದಲು ಬಂತಾ? ಎಷ್ಟು ಎಣ್ಣೆಗೆ ಎಷ್ಟು ಕ್ಯಾಪ್ಸೂಲ್? ನಂದೂ ಈ ನೀರಿಗೆ ಹಿಡಿಹಿಡಿಯಾಗಿ ಉದುರಿ ಪೋಗುದು," ಎಂದಳು. ಜುಟ್ಟನ್ನು ಹಿಂದಿನಿಂದ ನೋಡಬಹುದಾ ಎಂದು ಇವರನ್ನೇ ಕೇಳಿದಳು. ಪಾಪ, ಕೆಟ್ಟ ಹುಡುಗಿಯಲ್ಲ. ಇವರು ತಿರುಗಿ ನಿಂತು ತೋರಿಸಿದರು. ಆಗ ನಾನು ಇವರ ಮುಖ ನೋಡಿದೆ. ನೋಡಿದ ಮೇಲೆ, ಜ್ಯೂಸ್ ಕುಡಿದು ಖುಷಿಪಟ್ಟದ್ದಕ್ಕೆ ನನಗೇ ನಾಚಿಕೆಯಾಯಿತು.

ಎಲ್.ಬಿ. ರೋಡ್ ಸಿಗ್ನಲಿನಲ್ಲಿ ನಿಂತಾಗ ಹನ್ನೆರಡು ಗಂಟೆ. ತಲೆಯ ಮೇಲೆ ಬಿಸಿಲು, ಕಾಲ ಕೆಳಗೆ ಕಾದ ಡಾಂಬರು. ಇವರು ಮುಂದೆ ನೋಡಿಕೊಂಡೇ ಹೇಳಿದರು:

"ಹರಿ, ಯಾರಿಗೂ ಬೇಕಾಗಿರಲಿಲ್ಲ, ಅಲ್ವಾ?"

"ಏನು?"

"ಇದೆಲ್ಲ. ಮೂರೂವರೆಗೆ ಏಳೋದು, ತಣ್ಣೀರು, ಹೊರಗೆ ನೀರು ಕುಡಿಯದೆ ಇರೋದು. ಅವರಿಗೆ ಬೇಕಾಗಿದೆ ಅಂತ ಮಾಡ್ತಿದ್ದೆ. ಅವರಿಗೆ ಗಂಟೆ ಹನ್ನೊಂದಕ್ಕೆ ಮುಗಿದರೆ ಸಾಕಾಗಿತ್ತು."

ಇಪ್ಪತ್ತೇಳು ವರ್ಷ ನಾನೂ ಆ ಮಡಿಯ ಹಿಂದೆ ಓಡಿದವಳೇ. ನಾಲ್ಕಕ್ಕೆ ಎದ್ದು ಒದ್ದೆ ಸೀರೆಯಲ್ಲಿ ಒಲೆ ಹಚ್ಚಿ, ಬಳಿಕ ಬಸ್ಸು ಹಿಡಿದವಳು. ಎಷ್ಟೋ ಸಲ ಮನಸ್ಸಿನಲ್ಲೇ ಶಪಿಸಿದ್ದೇನೆ, ಇದೆಲ್ಲ ಯಾರಿಗೆ ಬೇಕು ಎಂದು. ಅದೇ ಮಾತು ಇವರ ಬಾಯಲ್ಲಿ ಬಂದಾಗ ಮಾತ್ರ ತಡೆಯಲಾಗಲಿಲ್ಲ. ದೀಪ ಹಸಿರಾಯಿತು, ಇವರು ಕದಲಲಿಲ್ಲ. ಹಿಂದಿನಿಂದ ಆಟೋದವನು "ಯೋವ್ ಅಯ್ಯರೇ, ಪೋಯ್ಯಾ!" ಎಂದು ಕಿರುಚಿದ.

"ಮನೆಗೆ ಹೋಗೋಣ. ಇವತ್ತಿಗೆ ಸಾಕು," ಎಂದೆ.

"ಗೋದಾಬಾಯಿ ಅವರ ಮನೆ ದಾರಿಯಲ್ಲೇ ಇದೆ. ಅದೊಂದು ಮುಗಿಸಿಬಿಡೋಣ," ಎಂದರು. ಆಸೆ ಬಿಟ್ಟವರ ದನಿ. ದಾರಿಯಲ್ಲೇನೂ ಇರಲಿಲ್ಲ, ಪಶ್ಚಿಮ ಮಾಂಬಲಂ ನಮಗೆ ಸುತ್ತು.

ಗೋದಾಬಾಯಿಗೆ ಎಂಬತ್ತನಾಲ್ಕು. ಮಗ ಪ್ರಮೋದ್ ರೈಲ್ವೆಯಲ್ಲಿ, ಸೊಸೆ ಮಾನಸ ಇನ್ಶೂರೆನ್ಸ್ ಕಂಪನಿಯಲ್ಲಿ. ಎರಡನೆಯ ಮಹಡಿಯ ಸಣ್ಣ ಮನೆ. ಹದಿನೆಂಟು ವರ್ಷದಿಂದ ಅವರ ಯಜಮಾನರ ತಿಥಿ ಇವರದೇ ಕೈಯಲ್ಲಿ, ಈ ಸಲ ಮಾರ್ಚಿನಲ್ಲಿ ಆಗಿತ್ತು. ನಾವು ಹೋದಾಗ ಮುದುಕಿ ಕುರ್ಚಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಪ್ರಮೋದ್ ಬಾಗಿಲು ತೆರೆದ, ಮಾನಸ ಚಾಪೆ ಹಾಸಿದಳು. ಇವರು ಮೂರನೆಯ ಸಲ ಅದನ್ನೇ ಹೇಳಿದರು. ಈ ಸಲ ಬೇಗ ಬೇಗ, ಮೊಟಕಾಗಿ, ಉತ್ತರ ಗೊತ್ತಿರುವವರ ಹಾಗೆ.

"ಅಷ್ಟೇ ತಾನೇ? ವಿಡುಂಗ, ಬಿಟ್ಟುಬಿಡಿ ಆಚಾರ್ರೇ," ಎಂದ ಪ್ರಮೋದ್.

"ನೀ ಸುಮ್ಮನಿರು," ಎಂದರು ಗೋದಾಬಾಯಿ. ಬತ್ತಿಯ ತಟ್ಟೆ ಕೆಳಗಿಟ್ಟರು. "ಇನ್ನೊಂದು ಸಲ ಹೇಳು. ಎಷ್ಟು ದಿನ ಹಚ್ಚಿದೆ?"

"ನಾಲ್ಕು ತಿಂಗಳು ಅಮ್ಮ."

"ನಮ್ಮನೇಗೆ ಬಂದಾಗ?"

"ಹಚ್ಚಿತ್ತು. ಎರಡು ದಿನ ಮುಂಚೆ."

ಮುದುಕಿ ಗೋಡೆ ಹಿಡಿದು ಎದ್ದರು. ಮಾನಸ ಹಿಡಿಯಲು ಹೋದರೆ ಕೈ ಕೊಡವಿದರು. ಆಮೇಲೆ ಶುರುವಾಯಿತು. "ಹದಿನೆಂಟು ವರ್ಷ ನಿನ್ನ ಕಣ್ಮುಚ್ಚಿ ನಂಬಿದೆನಲ್ಲೋ! ನನ್ನ ಗಂಡ ಎರಡು ಹೊತ್ತು ಸಂಧ್ಯಾವಂದನೆ ಬಿಟ್ಟವರಲ್ಲ, ಆಸ್ಪತ್ರೇಲಿ ಸಾಯೋವಾಗ್ಲೂ ನೀರು ಕೇಳೋ ಮುಂಚೆ ತೀರ್ಥ ಕೇಳಿದರು. ಅವರಿಗೆ ಮೂಳೆ ಎಣ್ಣೆ ತಲೆಯಿಂದ ಪಿಂಡ ಇಡಿಸಿದೆಯಾ? ಕೂದಲು ಹೋದರೆ ಹೋಗ್ಲಿ, ನಿನಗೆ ಯಾಕೋ ಶೋಕಿ? ತಲೇಲಿ ಕೂದಲಿಲ್ಲದಿದ್ರೆ ದರ್ಭೆ ಶಿಖೆ ಕಟ್ಕೋ ಅಂತ ಶಾಸ್ತ್ರದಲ್ಲೇ ಇದೆ. ಹೆಂಗಸು ನಾನು, ನನಗೆ ಗೊತ್ತು. ಓದಿದವನು, ನಿನಗೆ ಗೊತ್ತಿಲ್ವಾ?"

"ಗೊತ್ತಿತ್ತು ಅಮ್ಮ," ಎಂದರು ಇವರು, ತಲೆ ತಗ್ಗಿಸಿ. "ನಾಚಿಕೆಯಾಯ್ತು. ಜನ ನಗ್ತಾರೆ ಅಂತ."

"ನಗಲಿ! ನಗೋರಿಗೋಸ್ಕರ ತಿಥಿ ಮಾಡಿಸ್ತೀಯಾ? ನೀನು," ಎಂದು ನನ್ನ ಕಡೆ ಬೆರಳು ತಿರುಗಿತು, "ಒಂದು ಪಿನ್ನು ಚುಚ್ಚಕ್ಕೆ ಬೇಸರವಾಯ್ತೇನೇ ನಿನಗೆ?"

"ಆಯ್ತು ಅಮ್ಮ," ಎಂದೆ. "ಬಹಳ ಬೇಸರವಾಗಿತ್ತು."

ಅದು ಎದುರುತ್ತರವಲ್ಲ, ನಿಜ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಯಾರೋ ಕೇಳಿದರು, ಹೇಳಿದೆ. ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಣ್ಣಲ್ಲಿ ನೀರು ಬಂದಿತ್ತು, ಸೆರಗಿನಿಂದ ಒರೆಸಿಕೊಂಡು ಮತ್ತೆ ಇವರ ಕಡೆ ತಿರುಗಿದರು.

"ಬರೋ ಅಮಾವಾಸ್ಯೆಗೆ ಮತ್ತೆ ಮಾಡಿಸು. ಮೊದಲಿಂದ, ಪೂರ್ತಿ. ಪ್ರಮೋದ್ ರಜಾ ಹಾಕ್ತಾನೆ."

"ಅಮ್ಮಾ, ಇನ್ಸ್‌ಪೆಕ್ಷನ್ ಇದೆ ಮಾ..."

"ಹಾಕ್ತಾನೆ," ಎಂದರು ಗೋದಾಬಾಯಿ.

ಇವರು ಆ ಇಕ್ಕಟ್ಟಿನ ಹಾಲಿನಲ್ಲಿ, ಟೀಪಾಯಿ ಪಕ್ಕಕ್ಕೆ ಸರಿಸಿ, ಮುದುಕಿಗೆ ಉದ್ದಂಡ ನಮಸ್ಕಾರ ಹಾಕಿದರು. ಪ್ರಮೋದ್ ಗಾಬರಿಯಾಗಿ ಎದ್ದು ನಿಂತ. ಮುದುಕಿ ಆಶೀರ್ವಾದ ಮಾಡಲಿಲ್ಲ. "ಏಳು, ಹೊತ್ತಾಯ್ತು," ಎಂದರು ಅಷ್ಟೇ.

ಕೆಳಗೆ ಬಂದಾಗ ಇವರು ಸ್ಕೂಟರಿಗೆ ಕೀಲಿ ಹಾಕಲಿಲ್ಲ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಎಂದು ಹತ್ತಿರ ಹೋದೆ. ಅಳುತ್ತಿದ್ದರು, ನಗುತ್ತಲೂ ಇದ್ದರು.

"ಬೈದರು ಕಣೇ," ಎಂದರು.

"ಕೇಳಿಸಿತು. ಇಡೀ ಬೀದಿಗೆ ಕೇಳಿಸಿರುತ್ತೆ."

"ಎಷ್ಟು ಬೈದರು ನೋಡು!"

ಬೈಸಿಕೊಂಡು ಇಷ್ಟು ಹಗುರಾದ ಗಂಡಸನ್ನು ನಾನು ಕಂಡಿರಲಿಲ್ಲ. ಪಕ್ಕದಲ್ಲಿ ಕೂತೆ. ಕಾಲು ಸೋತಿತ್ತು, ಸೊಂಟ ನಿಜವಾಗಿಯೂ ನೋಯುತ್ತಿತ್ತು, ಮನೆಗೆ ಹೋಗಿ ಇನ್ನೂ ಅಡುಗೆಯಾಗಬೇಕು.

"ಇನ್ನೂ ಇಪ್ಪತ್ತು ಮನೆ ಇದೆಯಲ್ಲ," ಎಂದೆ. "ಅವರೆಲ್ಲ ನಗೋರೇ."

"ನಗಲಿ ಬಿಡು," ಎಂದರು ಇವರು, ಕಣ್ಣೊರೆಸಿಕೊಂಡು. "ಒಬ್ಬರು ಬೈದಿದ್ದಾರಲ್ಲ."